ಮಕ್ತುಮಸಾಬರು ಇರುವೆ ದಡಿ ಉಳಿಸಿಕೊಟ್ಟದ್ದು

ಕಂಪ್ಯೂಟರಿನ ಪರದೆಗೆ ಇನ್ನೂ ದಪ್ಪ ಬೆನ್ನಿದ್ದ ಕಾಲ. ಹೊಳೆಯ ಈಚೆ ದಂಡೆಗೆ ಒಂದು ನೇಕಾರರ ಊರಿತ್ತು. ಆ ಊರಲ್ಲಿ ಒಂದು ಸೋಮವಾರ, ಎಲ್ಲ ಸೋಮವಾರಗಳ ಹಾಗೆಯೇ, ಮನೆಮನೆಯ ಮುಂದೆ ಹಾಸುನೂಲಿಗೆ ಗಂಜಿ ಹಚ್ಚುವ ಕೆಲಸ ನಡೆದಿತ್ತು. ಸಾವಂತ್ರೆವ್ವನ ಮೈದುನ ಲಚ್ಚಪ್ಪ ಅರ್ಧಕ್ಕೇ ಕೆಲಸ ಬಿಟ್ಟು, ಕೈ ಧೋತರಕ್ಕೆ ಒರೆಸಿಕೊಂಡು ಒಳಗೆ ಬಂದ. ಪೇಟೆಯಿಂದ ತಂದಿದ್ದ ಹೊಸ ಮೆಮೊರಿ ಪಟ್ಟಿಯನ್ನು ಕಂಪ್ಯೂಟರಿನೊಳಗೆ ಹಾಕಿ ಗುಂಡಿ ಒತ್ತಿದ. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆ ಮಾತ್ರ ಉದ್ದಕ್ಕೆ, ಬಿಟ್ಟು ಬಿಟ್ಟು, ಕೂಗತೊಡಗಿತು.

ಲಚ್ಚಪ್ಪ ಹೊಸ ಪಟ್ಟಿ ತೆಗೆದು ಹಳೆಯದನ್ನಷ್ಟೇ ಇಟ್ಟು ನೋಡಿದ. ಕೂಗಿತು. ಅದನ್ನೂ ತೆಗೆದು ಮತ್ತೆ ಇಟ್ಟ. ಮತ್ತೆ ಕೂಗಿತು.

ಆ ಕಂಪ್ಯೂಟರು ಸಾವಂತ್ರೆವ್ವನ ಗಂಡ ಪರಸಪ್ಪನದು. ಅವನು ಸೀರೆಯ ದಡಿಗೆ, ಎಂದರೆ ಅಂಚಿಗೆ, ಚಿತ್ರ ಬರೆಯುವವನು. ಅವನು ಅದರಲ್ಲಿ ಬರೆದದ್ದನ್ನು ನೋಡಿ ರಟ್ಟಿಗೆ ತೂತು ಹಾಕುತ್ತಿದ್ದರು, ಆ ರಟ್ಟನ್ನು ಮಗ್ಗಕ್ಕೆ ಕಟ್ಟುತ್ತಿದ್ದರು. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಕೊನೆಯ ಮೂರು ತಿಂಗಳು ಮಲಗಿದಲ್ಲೇ, ಮಂಚದ ಪಕ್ಕಕ್ಕೆ ಕಂಪ್ಯೂಟರು ಇಡಿಸಿಕೊಂಡು, ಒಂದೇ ಒಂದು ದಡಿ ಬರೆದಿದ್ದ. ತುಂಡು ತುಂಡಾಗಿ ಬರೆದು, ಕೊನೆಗೆ ಒಂದಾಗಿ ಜೋಡಿಸಿ ಮುಗಿಸಿದ್ದ. ಅದು ಎಷ್ಟು ದೊಡ್ಡ ಚಿತ್ರವೆಂದರೆ, ತೆರೆಯಲು ಹೋದಾಗಲೆಲ್ಲ ಹಳೆಯ ಕಂಪ್ಯೂಟರು ನಡುವೆಯೇ ನಿಂತುಬಿಡುತ್ತಿತ್ತು. ಅದಕ್ಕೇ ಹೊಸ ಮೆಮೊರಿ ತಂದದ್ದು. ಸಾವಂತ್ರೆವ್ವ ಆ ದಡಿಯನ್ನು ಪೂರ್ತಿಯಾಗಿ ಒಮ್ಮೆಯೂ ನೋಡಿರಲಿಲ್ಲ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಪೇಟೆಯ ಅಂಗಡಿಯವನಿಗೆ ಹೇಳಿ ಕಳಿಸಿದರು. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಬೇಕು, ಬುಧವಾರ ಬರುತ್ತೇನೆ ಎಂದು ಅವನು ಹೇಳಿ ಕಳಿಸಿದ. ಸಾವಂತ್ರೆವ್ವ ಆ ಮಾತು ಕೇಳಿ, ಮಂಗಳವಾರ ಬೆಳಿಗ್ಗೆ ಸೆರಗು ಹೊದ್ದುಕೊಂಡು, ಬಸ್ ನಿಲ್ದಾಣದ ಹಿಂದಿದ್ದ ಮಕ್ತುಮಸಾಬರ ರೇಡಿಯೊ ಅಂಗಡಿಗೆ ನಡೆದು ಹೋದಳು.

ಮಕ್ತುಮಸಾಬರ ವಿಷಯದಲ್ಲಿ ಜನ ಏನೇನೋ ಹೇಳುತ್ತಾರೆ. ಓಣಿಯ ತುದಿಯಲ್ಲಿ ನಿಂತೇ ಯಾವ ಮನೆಯ ಯಂತ್ರಕ್ಕೆ ಏನು ಬೇನೆ ಎಂದು ಹೇಳುತ್ತಿದ್ದರಂತೆ. ಅವರು ಹೊಸ್ತಿಲು ದಾಟಿದರೆ ಸಾಕು, ಕೆಟ್ಟ ಟಿವಿ ತಾನಾಗಿ ಮಾತಾಡುತ್ತಿತ್ತಂತೆ. ಅಷ್ಟೆಲ್ಲ ಇರಲಿಕ್ಕಿಲ್ಲ. ಅವರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಒಂದು ಸ್ಕ್ರೂಡ್ರೈವರು, ಗಡ್ಡ ಮಾಡಿಕೊಳ್ಳುವ ಒಂದು ಬ್ರಷ್ಷು, ಶಾಲೆಯ ಮಕ್ಕಳ ಒಂದು ರಬ್ಬರು ಇದ್ದವು. ಇಷ್ಟು ನಿಜ. ಮತ್ತು ಅವರು ಯಾರನ್ನೂ 'ಇದನ್ನು ಕೆಡಿಸಿದವರು ಯಾರು' ಎಂದು ಕೇಳುತ್ತಿರಲಿಲ್ಲ. ಇದೂ ನಿಜ.

ಅವರು ಕೇಳಿದ್ದು ಒಂದೇ. ಅದು ಹೇಗೆ ಕೂಗುತ್ತದೆ, ಉದ್ದಕ್ಕೋ ಚಿಕ್ಕದಾಗಿಯೋ?

"ಉದ್ದಕ್ಕ ಕಾಕಾ. ಬಿಟ್ಟು ಬಿಟ್ಟು."

"ಹಂಗಾರ ಜೀವಂತ ಐತಿ ತಗೋ ಯವ್ವಾ. ಹುಟ್ಟಿದ ಕೂಸು ಅತ್ತರ ಸೂಲಗಿತ್ತಿ ಹೆದರತಾಳೇನು?"

ಮನೆಗೆ ಬಂದ ಮಕ್ತುಮಸಾಬರು ಮೊದಲು ಕರೆಂಟಿನ ವೈರು ಕಿತ್ತರು. ಆಮೇಲೆ ಬರಿಗೈಯಿಂದ ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟಿದರು. ಮೈಮೇಲಿನ ಸಣ್ಣ ಕರೆಂಟು ಒಳಗಿನ ಸಾಮಾನನ್ನು ಸುಡಬಾರದೆಂದು ಹಾಗೆ ಮಾಡುತ್ತಿದ್ದರು. ನೋಡಲು ನೆರೆದಿದ್ದವರು ಅವರು ನಮಸ್ಕಾರ ಮಾಡಿದರೆಂದುಕೊಂಡು ತಾವೂ ಕೈ ಮುಗಿದರು. ಅವರು ತಿದ್ದಲಿಲ್ಲ ಅಂತಾರೆ.

ಮೆಮೊರಿ ಪಟ್ಟಿಗಳನ್ನು ತೆಗೆದು ಬೆಳಕಿಗೆ ಹಿಡಿದರು. ಪಟ್ಟಿಯ ಅಂಚಿಗೆ ಬಂಗಾರದ ಬಣ್ಣದ ಸಾಲು ಹಲ್ಲುಗಳಿರುತ್ತವೆ. ಅವುಗಳ ಮೇಲೆ ತೆಳ್ಳಗೆ ಏನೋ ಒಣಗಿ ಬೆಳ್ಳಗಾಗಿತ್ತು. ಉಗುರಿನಿಂದ ಕೆರೆದು ನೋಡಿ ನಕ್ಕರು.

"ಲಚ್ಚಪ್ಪ, ಕಂಪ್ಯೂಟರಿಗೂ ಗಂಜಿ ಹಚ್ಚೀಯಲ್ಲೋ ತಮ್ಮಾ. ಯಾವ ಸೀರಿ ನೇಯತೈತಿ ಇದು?"

ಲಚ್ಚಪ್ಪ ತಲೆ ತಗ್ಗಿಸಿದ. ಸಾಬರು ರಬ್ಬರಿನಿಂದ ಆ ಹಲ್ಲುಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದರು. ಬಂಗಾರ ಹೊಳೆಯಿತು. ಪಟ್ಟಿ ಕೂರುವ ಸಂದಿಯಲ್ಲಿದ್ದ ನೂಲಿನ ಧೂಳನ್ನು ಬ್ರಷ್ಷಿನಿಂದ ತೆಗೆದರು. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದು ಬಾ ಎಂದು ಲಚ್ಚಪ್ಪನನ್ನು ಕಳಿಸಿ, ಬಂದ ಮೇಲೆ ಹಳೆಯ ಪಟ್ಟಿಯನ್ನು ಅವನ ಕೈಗೇ ಕೊಟ್ಟು ಕೂರಿಸು ಎಂದರು.

ಲಚ್ಚಪ್ಪ ಸಂದಿಯಲ್ಲಿಟ್ಟು ಬೆರಳ ತುದಿಯಿಂದ ಒತ್ತಿದ. ಒತ್ತಿದ ಎಂದರೆ ಮುಟ್ಟಿದ. ಹತ್ತು ವರ್ಷದಿಂದ ಮಗ್ಗದ ಮುಂದೆ ಕೂತ ಕೈ ಅದು. ಸ್ವಲ್ಪ ಬಿಗಿ ಹಿಡಿದರೆ ಎಳೆ ಹರಿಯುತ್ತದೆ ಎಂದು ಕಲಿತ ಕೈ. ಇನ್ನೂ ಒತ್ತು ಎಂದರೆ ಅದು ತಾನಾಗಿ ಹಿಂದೆ ಸರಿಯುತ್ತಿತ್ತು. ಸೋಮವಾರವೂ ಆದದ್ದು ಅದೇ. ಪಟ್ಟಿ ಸಂದಿಯ ಮೇಲೆ ನಿಂತಿತ್ತು, ಒಳಗೆ ಕೂತಿರಲಿಲ್ಲ.

"ಈ ಕೈಲೆ ಆಗೂದಲ್ಲ," ಎಂದರು ಸಾಬರು. "ಯವ್ವಾ, ರೊಟ್ಟಿ ಬಡಿಯೋ ಕೈ ತಾ ಇಲ್ಲಿ."

ಸಾವಂತ್ರೆವ್ವ ಹಿಂಜರಿದಳು. ಮುರಿದರೆ ಏನು ಗತಿ ಎಂದಳು. ಮುರಿದರೆ ಪಟ್ಟಿ ಮುರಿಯುತ್ತದೆ, ಪರಸಪ್ಪ ಬರೆದದ್ದು ಇಲ್ಲಿಲ್ಲ ಎಂದು ಅವರು ಕೆಳಗಿದ್ದ ಬೇರೆಯದೇ ಒಂದು ಕಬ್ಬಿಣದ ಡಬ್ಬಿ ತೋರಿಸಿದರು. ಚಿತ್ರ ಇರುವುದು ಅದರಲ್ಲಿ. ಮೆಮೊರಿ ಎಂದರೆ ಅದನ್ನು ಬಿಡಿಸಿ ಹರವಿಕೊಳ್ಳಲು ಒಂದು ಕಟ್ಟೆ, ಅಷ್ಟೇ. ಕಟ್ಟೆ ಬಿದ್ದರೆ ಸೀರೆ ಹರಿಯುವುದಿಲ್ಲ.

ಎಂಟು ತಿಂಗಳಲ್ಲಿ ಯಾರೂ ಅವಳಿಗೆ ಇಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ. ಅವಳು ಎರಡೂ ಹೆಬ್ಬೆರಳು ಇಟ್ಟು ಒತ್ತಿದಳು. ಎರಡೂ ತುದಿಯ ಕೊಂಡಿಗಳು ಟಕ್, ಟಕ್ ಎಂದು ಮುಚ್ಚಿಕೊಂಡವು.

ವೈರು ಹಾಕಿ ಗುಂಡಿ ಒತ್ತಿದರು. ಪೆಟ್ಟಿಗೆ ಒಂದೇ ಸಲ, ಚಿಕ್ಕದಾಗಿ ಕೂಗಿತು. ಪರದೆ ಬೆಳಗಿತು. ಮತ್ತೆ ಆರಿಸಿ, ವೈರು ಕಿತ್ತು, ಹೊಸ ಪಟ್ಟಿಯನ್ನೂ ಅವಳ ಕೈಯಿಂದಲೇ ಕೂರಿಸಿದರು. ಈ ಸಲ ಪರಸಪ್ಪನ ದಡಿ ನಡುವೆ ನಿಲ್ಲದೆ ಪೂರ್ತಿ ತೆರೆದುಕೊಂಡಿತು.

ಇರುವೆಗಳು. ಮಂಚದಲ್ಲಿ ಮಲಗಿ ಗೋಡೆಯ ಮೇಲೆ ನೋಡುತ್ತಿದ್ದ ಇರುವೆಗಳ ಸಾಲು. ಒಂದು ಸಾಲು ಕಾಳು ಹೊತ್ತು ಹೋಗುತ್ತಿತ್ತು, ಇನ್ನೊಂದು ಸಾಲು ಬರಿಗೈಯಲ್ಲಿ ಬರುತ್ತಿತ್ತು. ಎದುರಾದಲ್ಲೆಲ್ಲ ಒಂದು ಕ್ಷಣ ಮುಖಕ್ಕೆ ಮುಖ ತಾಗಿಸಿ ನಿಂತಿದ್ದವು. ಸಾವಂತ್ರೆವ್ವ ಪರದೆಯ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮಕ್ತುಮಸಾಬರು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಅವಳು ನೋಡಿ ಮುಗಿಸುವವರೆಗೂ ಒಳಗೆ ಬರಲಿಲ್ಲ ಅಂತಾರೆ.

ಏನು ಕೊಡಲಿ ಎಂದು ಅವಳು ಕೇಳಿದಾಗ ಅವರು ಕೊಡುವುದು ನನಗಲ್ಲ ಎಂದರು. ಚಿತ್ರ ಇರುವ ಆ ಕಬ್ಬಿಣದ ಡಬ್ಬಿಯೂ ಒಂದು ದಿನ ಕೆಡುತ್ತದೆ ಎಂದರು. ಆ ದಡಿಯನ್ನು ಒಂದು ಸಿಡಿಗೆ ಇಳಿಸಿ ಅವಳ ಕೈಗಿಟ್ಟು, ಮಗ್ಗಕ್ಕೆ ಎಳೆ ಕಟ್ಟುವ ಮೊದಲು ಇದನ್ನು ಎದುರು ಮನೆಯಲ್ಲಿ ಇಟ್ಟು ಬಾ ಎಂದರು.

"ಎದುರು ಮನ್ಯಾಗ?" ಎಂದ ಲಚ್ಚಪ್ಪ. "ಕಾಕಾ, ಅವರು ನಾಳೆನ ನೇಯ್ದು ಮಾರತಾರ್ರಿ."

ಅವನ ಮಾತು ತಪ್ಪಲ್ಲ. ಆ ಊರಲ್ಲಿ ಹೊಸ ದಡಿಯನ್ನು ಹೆರಿಗೆಯ ಕೋಣೆಯಂತೆ ಮುಚ್ಚಿಡುತ್ತಿದ್ದರು. ಎದುರು ಮನೆಯ ಕಾಳವ್ವನಿಗೂ ಪರಸಪ್ಪನಿಗೂ ಒಂದು ದಡಿಯ ಸಲುವಾಗಿಯೇ ಆರು ವರ್ಷ ಮಾತು ನಿಂತಿತ್ತು.

"ನಿಮ್ಮ ಮನಿಗೆ ಬೆಂಕಿ ಬಿದ್ದರ ಮೊದಲು ಕೊಡ ಹಿಡಕೊಂಡು ಬರಾಕಿ ಯಾರು?" ಎಂದರಂತೆ ಸಾಬರು.

ಸಾವಂತ್ರೆವ್ವ ಸಿಡಿ ಹಿಡಿದು ಓಣಿ ದಾಟಿದಳು. ಕಾಳವ್ವ ವಿಷಯ ಕೇಳಿ ಕೈ ತೊಳೆದು ಬಂದಳು. ಆಮೇಲೆ ಸಿಡಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮಾಡದಲ್ಲಿಟ್ಟಳು.

ಮಕ್ತುಮಸಾಬರು ಹೋಗಿ ಎಷ್ಟೋ ಕಾಲವಾಯಿತು. ಆ ಊರಲ್ಲಿ ಇವತ್ತಿಗೂ ಯಾರು ಹೊಸ ದಡಿ ಬರೆದರೂ, ಎಳೆ ಕಟ್ಟುವ ಮೊದಲು ಅದರ ಒಂದು ಪ್ರತಿಯನ್ನು ನೆರೆಮನೆಗೆ ಕೊಟ್ಟು ಬರುತ್ತಾರೆ. ಕೊಡುವಾಗ ಸಾಬರ ಹೆಸರು ಹೇಳುತ್ತಾರೆ. ಇಸಿದುಕೊಂಡವರು ತೆರೆದು ನೋಡುವುದಿಲ್ಲ.

ಇರುವೆ ದಡಿಯ ಸೀರೆಯನ್ನು ಕಾಳವ್ವನ ಮನೆಯವರು ಈವರೆಗೆ ಒಂದೂ ನೇಯ್ದಿಲ್ಲ.