ಜೊತೆಗೊಬ್ಬ ಗಂಡಸು

ಒಣಗಿದ ಕೆರೆಯಂಗಳದಲ್ಲಿ ಬೈಕ್ ರೇಸ್ ಇತ್ತು. ದಿನವೂ ಬೈಕಿನಲ್ಲಿ ಡೈರಿಗೆ ಹಾಲು ಸಾಗಿಸುವ ಪುಟ್ಟಗೌರಿ ಮೊದಲ ಸಲ ಸ್ಪರ್ಧೆಗೆ ಬಂದಳು. ರೇಸ್ ಸಮಿತಿಯ ಅಧ್ಯಕ್ಷ ಚನ್ನಬಸಪ್ಪನವರು ತಡೆದರು.

"ಹೆಣ್ಣುಮಕ್ಕಳನ್ನ ಒಂಟಿಯಾಗಿ ಬಿಡೋಕಾಗಲ್ಲಮ್ಮ. ಜೊತೆಗೆ ಜವಾಬ್ದಾರಿ ಇರೋ ಗಂಡಸು ಬೇಕು."

"ನಿಮಗಿಂತ ಜವಾಬ್ದಾರಿ ಇರೋರು ಯಾರಿದಾರೆ ಸಾರ್? ಹಿಂದೆ ಕೂತ್ಕೊಳ್ಳಿ, ಒಂದು ಸುತ್ತು ಹೋಗಿ ಬರೋಣ."

ಜನರೆದುರು ಒಲ್ಲೆ ಎನ್ನಲು ಅಧ್ಯಕ್ಷರಿಗೆ ನಾಚಿಕೆಯಾಯಿತು. ಪಂಚೆ ಎತ್ತಿ ಕಟ್ಟಿ ಹತ್ತಿದರು. ಮೊದಲ ದಿಬ್ಬದಲ್ಲೇ ಬೈಕ್ ನೆಲ ಬಿಟ್ಟಿತು.

"ನಿಧಾನ, ತಾಯಿ."

"ಹಾಲಿನ ಕ್ಯಾನಾದ್ರೆ ರಬ್ಬರ್ ಟ್ಯೂಬ್ ಹಾಕಿ ಬಿಗೀತೀನಿ. ನಿಮ್ಮನ್ನೂ ಬಿಗೀಲಾ ಸಾರ್?"

ಎರಡನೆಯ ದಿಬ್ಬ ಬರುವ ಮುಂಚೆಯೇ ಅಧ್ಯಕ್ಷರು ಬೇಡಿಕೊಂಡು ಇಳಿದರು. ನಡೆದೇ ವಾಪಸು ಬಂದು, ಪಂಚೆಯ ಧೂಳು ಕೊಡವಿ, ಗಂಭೀರವಾಗಿ ಮೈಕ್ ಹಿಡಿದರು.

"ಸುರಕ್ಷತೆಯ ದೃಷ್ಟಿಯಿಂದ, ಸ್ಪರ್ಧಿಸುವ ಹೆಣ್ಣುಮಕ್ಕಳ ಜೊತೆ ಗಂಡಸರು ಹೋಗುವುದನ್ನು ಸಮಿತಿ ನಿಷೇಧಿಸಿದೆ."