ಸೆರಗು ಹಿಡಿದ ಕೈ

ಹೊಳೆ ದಂಡೆಯ ಆ ಮಠದಲ್ಲಿ ಮದ್ದಿನ ಪೆಟ್ಟಿಗೆಗೆ ಬೀಗವಿರಲಿಲ್ಲ. ಒಂದು ಕಟ್ಟಳೆ ಇತ್ತು, ಅಷ್ಟೇ. ರೋಗಕ್ಕೆ ಕಾರಣ ಇಂಥದೇ ಎಂದು ಶಿಷ್ಯರಾದ ರುದ್ರಮುನಿ, ಸಂಗಯ್ಯ ಇಬ್ಬರೂ ಒಪ್ಪದ ಹೊರತು ಅದರ ಮುಚ್ಚಳ ತೆರೆಯುವಂತಿರಲಿಲ್ಲ.

ಕಟ್ಟಳೆ ಮಾಡಿದವರು ಗುರುಗಳೇ. ಊರವರಿಗೂ ಶಿಷ್ಯರಿಗೂ ಅವರು ಅಜ್ಜಾರು. ಹಿಂದೆ ಶಿಷ್ಯರು ಅವಸರಕ್ಕೆ ಬಿದ್ದು ಕಂಡಕಂಡವರಿಗೆಲ್ಲ ಕಷಾಯ ಕುಡಿಸುತ್ತಿದ್ದರಂತೆ.

ಆ ದಿನ ಊರಿನ ನೀಲವ್ವ ಮದ್ದಿಗಾಗಿ ಮತ್ತೆ ಬಂದು ಮಠದ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಬಲಮಗ್ಗುಲಿಗೆ ಸರ್ಪಸುತ್ತು ಎದ್ದು, ಮಾಯ್ದು, ಬಹಳ ದಿನವಾಗಿತ್ತು. ಗುಳ್ಳೆ ಹೋದವು, ಉರಿ ಹೋಗಲಿಲ್ಲ. ಸೀರೆಯ ಸೆರಗು ಸೋಕಿದರೂ ಕೆಂಡ ಇಟ್ಟಂತಾಗುತ್ತಿತ್ತು. ಅದಕ್ಕೇ ಸೆರಗನ್ನು ಮೈಯಿಂದ ದೂರ ಎತ್ತಿ ಹಿಡಿದೇ ನಡೆಯುತ್ತಿದ್ದಳು, ಹಿಡಿದೇ ಕೂರುತ್ತಿದ್ದಳು.

ರುದ್ರಮುನಿಗೆ ಕಾರಣದ ಬಗ್ಗೆ ಅನುಮಾನವೇ ಇರಲಿಲ್ಲ. ಅವನ ಸಿಟ್ಟೆಲ್ಲ ಸಂಗಯ್ಯನ ಮೇಲೆ. ಇಷ್ಟು ಸರಳವಾದದ್ದು ಇವನಿಗೆ ಯಾಕೆ ತಿಳಿಯುತ್ತಿಲ್ಲ?

"ನರ ಕೆಟ್ಟೈತೋ ಮಾರಾಯ. ಕೆಟ್ಟ ನರ ಸುಮ್ನ ಕುಂದ್ರೂದಿಲ್ಲ, ಉರಿ ಉರಿ ಅಂತ ಕೂಗತೈತಿ."

"ನರ ಯಾವಾಗೋ ನೆಟ್ಟಗಾಗೈತಿ," ಎಂದ ಸಂಗಯ್ಯ. "ನೋವು ಕಲತದ್ದು ತಲಿ. ಬಾಯಿಪಾಠ ಮಾಡಿದ ಹುಡುಗನಂಗ ಅದನ್ನ ಒಪ್ಪಿಸಾಕತ್ತೈತಿ. ದೊಡ್ಡ ದೊಡ್ಡ ಡಾಕ್ಟರು ಹಂಗ ಬರದಾರ."

"ಅದಕ್ಕಿಂತ ದೊಡ್ಡವರು ಅದು ತಪ್ಪು ಅಂತ ಬರದಾರ! ತಲ್ಯಾಗಿದ್ರ ತಲಿ ಉರಿಬೇಕಿತ್ತು, ಮಗ್ಗಲ ಯಾಕ ಉರೀತೈತಿ?"

"ಹಂಗಾರ ಕಾಲು ಕಡಿಸಿಕೊಂಡವಗ ಇಲ್ಲದ ಬೆರಳು ಯಾಕ ನೋಯತೈತಿ?"

"ಕಾಲಿನ ಮಾತು ಈಗ ಯಾಕೋ? ಆಕಿಗೆ ಎರಡೂ ಕಾಲು ನೆಟ್ಟಗದಾವು!"

ನೀಲವ್ವನಿಗೆ ಅವರಿಬ್ಬರ ಬಾಯಿ ನೋಡಿ ನೋಡಿ ಸಾಕಾಯಿತು.

"ತಲ್ಯಾಗ ಅಂದ್ರೇನ್ರೀ? ನಾ ನೆವ ಮಾಡಾಕತ್ತೀನಿ ಅಂತೇನು?"

"ಹಂಗಲ್ಲ ಯವ್ವಾ..." ಎಂದ ಸಂಗಯ್ಯ.

"ಮನ್ಯಾಗ ಸೊಸಿನೂ ಇದನ್ನ ಅಂತಾಳ. 'ಗಾಯ ಮಾಯ್ದಾವಲ್ಲ ಅತ್ತಿ? ಕೂಸಿನ್ನ ಎತ್ತಿಕೊಳ್ಳಾಕ ಬ್ಯಾಸರ ಅನ್ರಿ, ಮುಗೀತು' ಅಂತಾಳ. ನಿಮ್ಮಾಗ ಯಾರು ಗೆದ್ದರ ನನಗೇನು? ಈಕಿ ಸುಳ್ಳು ಹೇಳೂದಿಲ್ಲ ಅಂತ ಒಬ್ಬರರ ಅಂದಿದ್ರ ಸಾಕಾಗಿತ್ತು."

ಅವಳು ಹೊರಡಲು ಎದ್ದಳು.

ಕಂಬದ ಬುಡದಲ್ಲಿ ಕುಳಿತು ಅಗಲವಾದ ಬಟ್ಟೆ ಜರಡಿಯಲ್ಲಿ ಚೂರ್ಣ ಸೋಸುತ್ತಿದ್ದ ಅಜ್ಜಾರ ಕೈ ನಿಂತಿತು.

"ಕುಂದ್ರು ತಂಗಿ," ಎಂದರು. ಆಮೇಲೆ ಶಿಷ್ಯರ ಕಡೆ ತಿರುಗಿದರು. "ಏಳ್ರೋ ಇಬ್ಬರೂ. ಹೆಗಲ ಮ್ಯಾಲಿನ ವಲ್ಲಿ ತಗೀರಿ. ಆಕಿ ಸೆರಗು ಹಿಡಿದಂಗ ದೂರ ಎತ್ತಿ ಹಿಡೀರಿ. ಹಾಂ, ಇನ್ನ ಮಾಡ್ರಿ ವಾದ. ಮುಗಿಯೂತನಕ ಕೈ ಇಳಸಬ್ಯಾಡ್ರಿ."

ಬರೀ ಒಂದು ಹಗುರ ಬಟ್ಟೆಯ ವಲ್ಲಿ. ರುದ್ರಮುನಿ ಮೊದಮೊದಲು ಜೋರಾಗಿಯೇ ವಾದಿಸಿದ. ಬರಬರುತ್ತಾ ಹೆಗಲು ಬಿಗಿಯಿತು, ತೋಳು ನಡುಗಿತು. ಸಂಗಯ್ಯ ಏನು ಹೇಳುತ್ತಿದ್ದಾನೆ ಎಂಬುದೇ ಅವನ ಕಿವಿಗೆ ಬೀಳದಾಯಿತು.

ಅಜ್ಜಾರು ಚೂರ್ಣವನ್ನು ಎಲೆಯ ಮೇಲೆ ಸುರುವಿದರು. ಜರಡಿಯ ಬಟ್ಟೆ ಕಿತ್ತರು. ಅದರ ಬಿದಿರಿನ ಬಳೆಯನ್ನು ಕುಡುಗೋಲಿನಿಂದ ಒಂದು ಕಡೆ ಕತ್ತರಿಸಿದರು.

ರುದ್ರಮುನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ಕಾರಣ ಇನ್ನೂ ಒಪ್ಪಿತ ಆಗಿಲ್ರೀ."

"ಇದೇನು ಮದ್ದೇನಪಾ? ಜರಡಿ!"

"ಅಜ್ಜಾರ, ತೋಳು ಕಿತ್ತು ಬರಾಕತ್ತೈತ್ರಿ," ಎಂದು ಸಂಗಯ್ಯ ನರಳಿದ.

ಅಜ್ಜಾರು ಕತ್ತೆತ್ತಿ ನೋಡಿದರು. "ಎಲ್ಲಿ? ನನಗೇನೂ ಗಾಯ ಕಾಣವಲ್ದು."



ಬಳೆಯ ತುದಿಗಳಿಗೆ ಹಳೆಯ ಅರಿವೆ ಸುತ್ತಿ, ಕಟ್ಟಿಕೊಳ್ಳಲು ಅದರ ಬಾಲ ಬಿಟ್ಟು, ನೀಲವ್ವನ ಮುಂದಿಟ್ಟರು. "ಒಳಗ ಹೋಗಿ ಸೊಂಟಕ್ಕ ಕಟ್ಟಿಕೋ ತಂಗಿ. ಎರಡೂ ತುದಿ ಎಡಕ್ಕ ಬರಲಿ. ಬಲಕ್ಕ ಬಿದಿರು ಮೈಗೆ ಹತ್ತಬಾರದು, ಡೊಂಕಾಗಿ ಹೊರಗ ನಿಂದ್ರಬೇಕು."

ಅವಳು ಒಳಗೆ ಹೋಗಿ ಬಂದಳು. ಸೆರಗು ಬಿದಿರಿನ ಮೇಲೆ ಇಳಿಬಿದ್ದಿತ್ತು, ಮೈಗೆ ಸೋಕುತ್ತಿರಲಿಲ್ಲ. ಅವಳ ಕೈ ಕೆಳಗಿಳಿದಿತ್ತು. ಅದನ್ನು ಬೇರೆ ಯಾರದೋ ಕೈ ಎಂಬಂತೆ ಅವಳು ನೋಡಿಕೊಂಡಳು.

"ಉರಿ ಐತ್ರಿ ಅಜ್ಜಾರ. ಆದ್ರ ಕೈ ಖಾಲಿ ಆತು. ಕೂಸಿನ್ನ ಎತ್ತಾಕ ಎರಡೂ ಕೈ ಬೇಕಲ್ರೀ." ಮತ್ತೆ ತಡೆದು ಕೇಳಿದಳು, "ಸೊಸಿಗೆ ಏನ್ ಹೇಳ್ಲಿ?"

"ಸಂಜಿಗೆ ಅಜ್ಜ ಬರ್ತಾನ ಅಂತ ಹೇಳು. ಆಕಿ ಕೂಡ ನಾನ ಮಾತಾಡ್ತೀನಿ."

ನೀಲವ್ವ ಕೈ ಮುಗಿದಳು, ಎರಡೂ ಕೈ ಜೋಡಿಸಿ. ದಂಡೆಯ ದಾರಿ ಹಿಡಿದು ಹೋದಳು.

ರುದ್ರಮುನಿಯ ವಲ್ಲಿ ಇನ್ನೂ ಗಾಳಿಯಲ್ಲೇ ನಡುಗುತ್ತಿತ್ತು. ಆದರೂ ಕೇಳಿದ, "ಹಂಗಾರ ಖರೇ ಯಾವುದ್ರೀ ಅಜ್ಜಾರ? ನರನೋ, ತಲಿನೋ?"

"ನನಗ ಗೊತ್ತಿಲ್ಲ."

ಈ ಮಾತನ್ನು ಅಜ್ಜಾರ ಬಾಯಲ್ಲಿ ರುದ್ರಮುನಿ ಎಂದೂ ಕೇಳಿರಲಿಲ್ಲ.

"ಅಜ್ಜಾರ," ಎಂದ ಕಡೆಗೆ, ಸಣ್ಣ ದನಿಯಲ್ಲಿ. "ಖರೇನ ನೋಯಾಕತ್ತೈತ್ರಿ."

ಅಜ್ಜಾರು ಎಲೆಯ ಮೇಲಿನ ಚೂರ್ಣವನ್ನು ಬೆರಳಿನಿಂದ ಒಟ್ಟುಗೂಡಿಸುತ್ತ ಹೇಳಿದರು:

"ಇಳಸು. ನೋಯತೈತಿ ಅಂದ್ಯಲ್ಲ, ನಾ ನಂಬಿದೆ."