ಕೆಮ್ಮಣ್ಣಿನ ಗುರುತು

"ಹೋರಿ ಬಿಡೋ ಕಾಲ ಮುಗೀತಾ ಬಂತು. ಯಾವ ಹಸು ಗಬ್ಬ ನಿಂತಿಲ್ಲ ಅಂತ ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದು ಸಾಹುಕಾರ ವೀರಭದ್ರಪ್ಪನವರು ಆಳಿಗೆ ಗದರಿದರು.

ಆಳು ಕೆಮ್ಮಣ್ಣು ಕಲಸಿ, ಹೋರಿಯ ಎದೆಗೆ ದಪ್ಪಗೆ ಬಳಿದು ಹಸುಗಳ ನಡುವೆ ಬಿಟ್ಟ. "ಗಬ್ಬದ ಹಸುವಿನ ತಂಟೆಗೆ ಇದು ಹೋಗಲ್ಲ, ಧಣಿ. ಬೆನ್ನು ಕೆಂಪಾದ್ರೆ ಗಬ್ಬ ನಿಂತಿಲ್ಲ ಅಂತ ಲೆಕ್ಕ."

"ನನಗೇ ಪಾಠ ಹೇಳ್ತೀಯಾ?" ಎನ್ನುತ್ತ ಸಾಹುಕಾರರು ಬಿಳಿ ಜುಬ್ಬದಲ್ಲೇ ಹಸುಗಳ ನಡುವೆ ನುಗ್ಗಿದರು. ಒಂದು ಹಸುವಿನ ಕೆಚ್ಚಲು ನೋಡಲು ಬಗ್ಗಿದರು. ಹೋರಿ ಹಿಂದೆಯೇ ಇತ್ತು.

ಸಂಜೆ ಅವರು ಸೊಂಟ ಹಿಡಿದುಕೊಂಡೇ ಕೇಳಿದರು, "ಎಷ್ಟಾದವೋ?"

ಆಳು ಜುಬ್ಬದ ಬೆನ್ನು ನೋಡಿ ತಲೆ ಕೆರೆದುಕೊಂಡ.

"ನಾಲ್ಕು, ಧಣಿ. ನಿಮ್ಮನ್ನೂ ಸೇರಿಸಿದ್ರೆ ಐದು."